ಮಂಗನ ಕಾಯಿಲೆಯ ಹೊಸ ಲಸಿಕೆ: ಫಲಿತಾಂಶ ನಮ್ಮೂರಿಗೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಕಾಡಿನ ಉಣುಗು ಕಚ್ಚಿ ಜ್ವರ ಬರಿಸುವ ಮಂಗನ ಕಾಯಿಲೆಗೆ ಹೊಸ ಲಸಿಕೆ ಸಿದ್ಧವಾಗುತ್ತಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಅದರ ಮೊದಲ ಹಂತದ ಮಾನವ ಪ್ರಯೋಗಕ್ಕೆ ಕೈಹಾಕಿವೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಎರಡೆರಡು ಸಲ ಓದಿದೆ. ಆಮೇಲೆ ಅಟ್ಟ ಹತ್ತಿ ನನ್ನ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಇಳಿಸಿಕೊಂಡು ಬಂದೆ. ಈ ಪತ್ರ ಉದ್ದವಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಜಾಗವಿಲ್ಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಅಡಿಕೆಯ ಲೆಕ್ಕವನ್ನು ಮಾತ್ರ ಉಳಿಸಿಕೊಳ್ಳಿ.

ನಾನು ಹೊಸನಗರ ತಾಲ್ಲೂಕಿನವಳು. 1986ರಿಂದ 2018ರವರೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದೆ. ಕಾಗದದ ಮೇಲೆ ಹುದ್ದೆಯ ಹೆಸರು ಅಷ್ಟುದ್ದ, ಊರಿನವರ ಬಾಯಲ್ಲಿ ನಾನು ನರ್ಸಮ್ಮ. ಹೆರಿಗೆ, ಪೋಲಿಯೊ ಹನಿ, ಕಬ್ಬಿಣಾಂಶದ ಮಾತ್ರೆ ಎಲ್ಲವೂ ನನ್ನ ಪಾಲಿಗಿದ್ದವು. ಆದರೆ ಮಳೆ ಹಿಂದೆ ಸರಿಯುವ ಹೊತ್ತಿಗೆ ಶುರುವಾಗಿ ಅಡಿಕೆ ಸುಗ್ಗಿಯವರೆಗೂ ಎಳೆಯುತ್ತಿದ್ದ ಕೆಲಸವೆಂದರೆ ಮಂಗನ ಕಾಯಿಲೆಯ ಚುಚ್ಚುಮದ್ದು. ಆ ವೈರಾಣುವನ್ನು ಕಂಡುಹಿಡಿದದ್ದು 1957ರಲ್ಲಿ, ನಾನು ಹುಟ್ಟಿದ್ದು ಅದರ ಮರುವರ್ಷ. ಹಾಗಾಗಿ ಅದು ನನಗಿಂತ ಒಂದು ವರ್ಷ ಹಿರಿದು ಎಂದು ತಮಾಷೆ ಮಾಡುತ್ತಿದ್ದೆ. ಕಾಡಿಗೆ ಮಾತ್ರ ಅದು ಎಷ್ಟು ಹಳೆಯದೋ ಯಾರು ಕಂಡವರು.

ಆ 1957ರಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದರು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಹೆದರಿಕೆ ಅವರದು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರು ಮಂಗನ ದೇಹದಿಂದ ವೈರಾಣುವನ್ನು ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಡೆ ಉಣುಗಿನಿಂದ ಹರಡುವ ಮಿದುಳು ಜ್ವರದ ದಾಯಾದಿ. ದಾಯಾದಿ ಎಂದ ಮೇಲೆ ಮದ್ದೂ ಒಂದೇ ಆದೀತು ಎಂದುಕೊಂಡು, ಆ ರಷ್ಯಾದ ಜ್ವರಕ್ಕೆಂದು ಮಾಡಿದ್ದ ಲಸಿಕೆಯನ್ನು ತರಿಸಿ ನಮ್ಮ ಜಿಲ್ಲೆಯ ಜನರಿಗೆ ಕೊಟ್ಟು ನೋಡಿದರು. ಅದು ಫಲಿಸಲಿಲ್ಲ. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳೇ ಇದನ್ನು ಹೊತ್ತು ತಂದವೇನೋ ಎಂಬ ಗುಮಾನಿಯೂ ಎದ್ದಿತು. ಸಲೀಂ ಅಲಿಯವರು ಹಕ್ಕಿಗಳನ್ನು ಹಿಡಿಸಿ, ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸಕ್ಕೆ ಇಳಿದದ್ದರ ಹಿಂದೆ ಈ ಗುಮಾನಿಯ ಪಾಲೂ ಇದೆ. ಹಕ್ಕಿಗಳ ವಿಚಾರವಾಗಿ ಬಹಳಷ್ಟು ತಿಳಿಯಿತು, ಕಾಯಿಲೆಯನ್ನು ಅವೇ ತಂದವು ಎಂಬುದು ಸಾಬೀತಾಗಲಿಲ್ಲ. ಕೊಲಂಬಿಯಾದ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ನಮ್ಮ ಕಾಡುಗಳನ್ನು ಅಲೆದು, ಕಾಡು ಕಡಿದು ದನ ಮೇಯಿಸಲು ಬಿಟ್ಟದ್ದಕ್ಕೂ ಉಣುಗು ಹೆಚ್ಚಿದ್ದಕ್ಕೂ ಇರುವ ನಂಟನ್ನು 1969ರಲ್ಲೇ ಬರೆದಿಟ್ಟರು. ದನದ ಮೈಮೇಲೆ ರಕ್ತ ಹೀರಿ ಬಲಿತ ಉಣುಗು ಊರಂಚಿನ ಕಾಡಿನ ತರಗೆಲೆಯಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಅದರ ಸಾರ.

ಈ ಬೋಶೆಲ್ ವಿಚಾರ ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಮೂವತ್ತೆರಡು ವರ್ಷ ಅದೇ ಕೊಟ್ಟಿಗೆಗಳ ಮುಂದೆ ಹಾದು ಹೋದವಳು ನಾನು.

ನಮ್ಮ ಪಾಲಿಗೆ ಉಳಿದದ್ದು ಮಂಗನ ಕಾಯಿಲೆ ಎಂಬ ಹೆಸರು. ಆ ಹೆಸರೇ ನಮ್ಮನ್ನು ದಾರಿ ತಪ್ಪಿಸಿತು ಎನ್ನುವುದು ನನ್ನ ಅನುಭವ. ಮಂಗ ಕಂಡರೆ ಜನ ಕಲ್ಲು ಬೀರುತ್ತಿದ್ದರು. ಮುಸಿಯವೋ ಮಂಗವೋ ಸತ್ತು ಬಿದ್ದಿದ್ದರೆ ಅತ್ತ ತಿರುಗಿಯೂ ನೋಡದೆ ಮಾರು ದೂರ ಸರಿಯುತ್ತಿದ್ದರು. ಅದು ಸರಿಯೇ. ಆದರೆ ಮಾರನೆಯ ಬೆಳಿಗ್ಗೆ ಅದೇ ಕಾಡಿಗೆ ಹೋಗಿ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ, ತಲೆಯ ಮೇಲೆ ಹೊತ್ತು ತರುತ್ತಿದ್ದರು. ಮಂಗ ನಮ್ಮ ಹಾಗೆಯೇ ಕಾಯಿಲೆಗೆ ಸಿಕ್ಕಿ ಸಾಯುವ ಬಡಪ್ರಾಣಿ. ಕಚ್ಚುವುದು ಉಣುಗು. ಅದರಲ್ಲೂ ಎಳ್ಳುಕಾಳಿನಷ್ಟು ಪುಟ್ಟದಾದ ಮರಿ ಉಣುಗು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತಿದ್ದ ಇಲಾಖೆಯ ಹುಡುಗರ ಜೊತೆ ನಾನೂ ಒಂದೆರಡು ಸಲ ಹೋಗಿದ್ದೆ. ಇಪ್ಪತ್ತು ಹೆಜ್ಜೆ ಎಳೆದು ಬಟ್ಟೆ ತಿರುವಿದರೆ ಯಾರೋ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣುತ್ತಿತ್ತು. ಆಮೇಲೆ ಆ ಪುಡಿ ನಡೆಯಲು ಶುರುಮಾಡುತ್ತಿತ್ತು. ಆ ಬಟ್ಟೆಯನ್ನು ಪ್ರತಿ ಮನೆಯ ಅಂಗಳದಲ್ಲಿ ಒಮ್ಮೆ ತಿರುವಿ ತೋರಿಸಿದ್ದರೆ ನಮ್ಮ ಅರ್ಧ ಭಾಷಣ ಉಳಿಯುತ್ತಿತ್ತು. ತೋರಿಸಲಿಲ್ಲ. ಅದು ಸಂಶೋಧನೆಯ ಬಟ್ಟೆಯಾಗಿತ್ತು, ಅದರ ಮೇಲಿದ್ದುದೆಲ್ಲ ಸೀಸೆಯೊಳಗೆ ಹೋಗಿ, ಸೀಸೆ ಜೀಪಿನೊಳಗೆ ಹೋಯಿತು.

ಇನ್ನು ಚುಚ್ಚುಮದ್ದಿನ ವಿಷಯ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್ ಹಾಕಿ ಅದನ್ನು ಕೊಂದು ತಯಾರಿಸಿದ ಲಸಿಕೆ ಅದು. 1990ರಿಂದ ಬಳಕೆಗೆ ಬಂತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಏಳರಿಂದ ಅರವತ್ತೈದು ವಯಸ್ಸಿನವರಿಗೆ ಮಾತ್ರ. ಬರೆಯಲು ಸುಲಭ. ಆದರೆ ಆ ಮದ್ದು ಉರಿಯುತ್ತಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ಕೆಂಡ ಇಟ್ಟ ಹಾಗಾಗುತ್ತದೆ ಎಂದು ಜನ ಹೇಳುತ್ತಿದ್ದುದು ಉತ್ಪ್ರೇಕ್ಷೆಯಲ್ಲ, ನಾನೂ ಹಾಕಿಸಿಕೊಂಡವಳೇ. ತೋಳು ಎರಡು ದಿನ ಮೇಲೇಳುತ್ತಿರಲಿಲ್ಲ. ಐಸ್ ತುಂಬಿದ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ನಾನು ಗದ್ದೆಯ ಅಂಚಿನಲ್ಲಿ ಬರುವುದನ್ನು ಕಂಡರೆ ಗಂಡಸರು ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಇಳಿಯುತ್ತಿದ್ದರು. ಮೀಸೆ ಹೊತ್ತ ಗಂಡಸರು! ಹೆಂಗಸರು ಓಡುತ್ತಿರಲಿಲ್ಲ, ನಿಂತು ವಾದಿಸುತ್ತಿದ್ದರು.

ನನ್ನ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇರುತ್ತಿತ್ತು. ಕ್ರಮ ಸಂಖ್ಯೆ, ಹೆಸರು, ವಯಸ್ಸು, ಮೊದಲ ಡೋಸ್, ಎರಡನೆಯ ಡೋಸ್, ಬೂಸ್ಟರ್, ಕೊನೆಯಲ್ಲಿ ಷರಾ. ಈ ಷರಾ ಎಂಬ ಕಾಲಂ ಎರಡು ಬೆರಳಗಲ ಇದ್ದರೆ ಹೆಚ್ಚು. ಅಷ್ಟರಲ್ಲೇ ನಾನು ಬರೆಯುತ್ತಿದ್ದೆ: ‘ಮನೆಯಲ್ಲಿಲ್ಲ’, ‘ಒಪ್ಪಲಿಲ್ಲ’, ‘ಗರ್ಭಿಣಿ’, ‘ತವರಿಗೆ ಹೋಗಿದ್ದಾರೆ’, ‘ಸುಗ್ಗಿ ಮುಗಿಯಲಿ ಎಂದರು’. ಮೇಲಧಿಕಾರಿಗಳು ಡೋಸಿನ ಕಾಲಂ ಮಾತ್ರ ಕೂಡಿಸಿಕೊಂಡು ಹೋಗುತ್ತಿದ್ದರು. ಷರಾ ಓದಿದವರನ್ನು ನಾನು ಕಾಣೆ.

ಆ ರಿಜಿಸ್ಟರಿನಲ್ಲಿ ಒಬ್ಬ ಹೆಂಗಸಿನ ಹೆಸರಿನ ಮುಂದೆ ಮೊದಲ ಡೋಸಿನ ದಿನಾಂಕ ಇದೆ, ಎರಡನೆಯದು ಖಾಲಿ. ಆಕೆಯ ಹೆಸರು ಇಲ್ಲಿ ಬೇಡ. ಅಡಿಕೆ ಸುಲಿಯುವ ಕೆಲಸದವಳು, ಮೆಟ್ಟುಗತ್ತಿಯ ಮುಂದೆ ಕುಳಿತರೆ ರಾತ್ರಿ ಹನ್ನೊಂದರವರೆಗೂ ಏಳದವಳು. ಸುಲಿದ ಅಳತೆಯ ಮೇಲೆ ಕೂಲಿ. ಮೊದಲ ಚುಚ್ಚುಮದ್ದಿನ ನೋವಿಗೆ ಎರಡು ದಿನದ ಕೂಲಿ ಹೋಗಿತ್ತು. ತಿಂಗಳು ಕಳೆದು ನಾನು ಮತ್ತೆ ಹೋದಾಗ ಸುಗ್ಗಿ ಏರಿತ್ತು. ಚೊಗರು ಹತ್ತಿ ಕಪ್ಪಾದ ಕೈಯನ್ನು ಎತ್ತಿ ತೋರಿಸಿ, “ನರ್ಸಮ್ಮ, ಈ ಕೈ ನಿಂತರೆ ಮನೆಯಲ್ಲಿ ಒಲೆ ನಿಲ್ಲುತ್ತದೆ, ಈಗ ಬೇಡ” ಎಂದಳು. ನನಗೂ ಸಾಕಾಗಿತ್ತು. ಇನ್ನೂ ಹದಿನಾಲ್ಕು ಮನೆ ಬಾಕಿ, ಐಸ್ ಕರಗುತ್ತಿತ್ತು. “ಹೋಗಲಿ ಬಿಡು, ಒಂದಾದರೂ ಆಗಿದೆಯಲ್ಲ, ಅಷ್ಟು ಹೆದರಬೇಕಾಗಿಲ್ಲ” ಎಂದು ಹೇಳಿ ಮುಂದಿನ ಮನೆಗೆ ಹೋದೆ.

ಫೆಬ್ರವರಿಯಲ್ಲಿ ಆಕೆಗೆ ಜ್ವರ ಬಂತು. ಎರಡನೆಯ ದಿನಕ್ಕೆ ಕಣ್ಣು ಕೆಂಪಾಯಿತು, ಸೊಂಟ ತೊಡೆಗಳ ನೋವಿಗೆ ಮಗ್ಗುಲು ಬದಲಿಸಲೂ ಆಗದು, ಒಸಡಿನಲ್ಲಿ ರಕ್ತ. ಆಕೆ ಬದುಕಿಕೊಂಡಳು. ಆದರೆ ಆ ವರ್ಷದ ಉಳಿದ ಸುಗ್ಗಿ ಹೋಯಿತು, ಮುಂದಿನ ಮಳೆಗಾಲದವರೆಗೂ ಕೈ ನಡುಗುತ್ತಿತ್ತು. ನಡುಗುವ ಕೈಯನ್ನು ಮೆಟ್ಟುಗತ್ತಿಯ ಹತ್ತಿರ ಯಾರು ಬಿಡುತ್ತಾರೆ?

“ಒಂದಾದರೂ ಆಗಿದೆಯಲ್ಲ” ಎಂಬ ಮಾತು ನನ್ನ ಕಲ್ಪನೆಯದಾಗಿರಲಿಲ್ಲ. 1990ರಿಂದ 1992ರವರೆಗೆ ಮಲೆನಾಡಿನ ಹಳ್ಳಿಗಳಲ್ಲಿ ಈ ಲಸಿಕೆಯನ್ನು ಪರೀಕ್ಷಿಸಿ, ಒಂದು ಡೋಸಿನಿಂದ ಶೇ 79.3, ಎರಡು ಡೋಸಿನಿಂದ ಶೇ 93.5 ರಕ್ಷಣೆ ಸಿಗುತ್ತದೆ ಎಂದು ಕಂಡುಕೊಂಡಿದ್ದರು. ತರಬೇತಿಯಲ್ಲಿ ನಮಗೆ ಹೇಳಿದ್ದು ಅದನ್ನೇ. ನನ್ನ ಟಿಪ್ಪಣಿ ಪುಸ್ತಕದಲ್ಲಿ ನೀಲಿ ಶಾಯಿಯಲ್ಲಿ ‘ಒಂದು – 79, ಎರಡು – 93’ ಎಂದಿದೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ನೂರಕ್ಕೆ 79 ಎಂದರೆ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್. ಹಾಗಿರುವಾಗ ಸುಗ್ಗಿಯಲ್ಲಿ ಬಡವಳೊಬ್ಬಳನ್ನು ಎರಡನೆಯದಕ್ಕೆ ಏಕೆ ಪೀಡಿಸಲಿ ಎನ್ನಿಸಿದ್ದು ಸಹಜ.

ಆಮೇಲೆ 2005ರಿಂದ 2010ರವರೆಗಿನ ಲಸಿಕೆಯ ಲೆಕ್ಕವನ್ನೂ ಕಾಯಿಲೆಯ ಲೆಕ್ಕವನ್ನೂ ಹೊಂದಿಸಿ ಮತ್ತೊಂದು ಅಧ್ಯಯನ ನಡೆಯಿತು, 2013ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಎರಡು ಡೋಸ್ ಪಡೆದವರಿಗೆ ಸಿಕ್ಕಿದ ರಕ್ಷಣೆ ಶೇ 62.4. ಎರಡರ ಮೇಲೆ ಬೂಸ್ಟರನ್ನೂ ಪಡೆದವರಿಗೆ ಶೇ 82.9. ಒಂದೇ ಡೋಸ್ ಪಡೆದವರಿಗೆ ರಕ್ಷಣೆ ಸಿಕ್ಕಿದ್ದಕ್ಕೆ ಪುರಾವೆ ಕಾಣಲಿಲ್ಲ. ಆ 62 ಕೂಡ ಗಟ್ಟಿಯಾದ ಸಂಖ್ಯೆಯಲ್ಲ, 26ರಿಂದ 81ರ ನಡುವೆ ಎಲ್ಲಾದರೂ ಇದ್ದೀತು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಸಂಶೋಧಕರು ಹೀಗೆ ಮುಚ್ಚುಮರೆಯಿಲ್ಲದೆ ಬರೆಯುವುದನ್ನು ನಾನು ಮೆಚ್ಚುತ್ತೇನೆ. ಅದು ಅಂತರಜಾಲದಲ್ಲಿ ಕಾಸಿಲ್ಲದೆ ಓದಲು ಸಿಗುತ್ತದೆ ಕೂಡ. ಇಂಗ್ಲಿಷಿನಲ್ಲಿ.

ನನಗೆ ಅದು ಸಿಕ್ಕಿದ್ದು 2019ರಲ್ಲಿ. ಆ ವರ್ಷ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವಿನ ಮೇಲೆ ಸಾವು ಸಂಭವಿಸಿ, ಪತ್ರಿಕೆಗಳಲ್ಲಿ ದಿನವೂ ಅದೇ ಸುದ್ದಿ. ರಜೆಗೆ ಬಂದಿದ್ದ ತಮ್ಮನ ಮಗ ಮೊಬೈಲಿನಲ್ಲಿ ಏನೋ ಹುಡುಕುತ್ತಾ, “ಅತ್ತೆ, ನೀವು ಹಾಕುತ್ತಿದ್ದ ಲಸಿಕೆಯ ಬಗ್ಗೆ ಇಲ್ಲಿದೆ” ಎಂದು ಓದಿ ಹೇಳಿದ. ಒಂದೊಂದೇ ಸಾಲು ಕನ್ನಡಕ್ಕೆ ಮಾಡಿಸಿಕೊಂಡು ಕೇಳಿದೆ. ಒಂದು ಡೋಸಿನ ಮಾತು ಬಂದಾಗ ಅವನನ್ನು ನಿಲ್ಲಿಸಿ ಮತ್ತೊಮ್ಮೆ ಓದಿಸಿದೆ. ಅಧ್ಯಯನದ ಅವಧಿ ಯಾವುದು ಎಂದು ಕೇಳಿದೆ. 2005ರಿಂದ 2010. ಆ ಐದಾರು ವರ್ಷ ನಮ್ಮಂಥ ಎಷ್ಟೋ ಉಪಕೇಂದ್ರಗಳಲ್ಲಿ ಹೆಂಗಸರು ದೀಪದ ಬೆಳಕಿನಲ್ಲಿ ಕುಳಿತು ರಿಜಿಸ್ಟರ್ ತುಂಬಿದ್ದೇವೆ. ಇಂಥ ಲೆಕ್ಕಗಳು ಅಂಥ ರಿಜಿಸ್ಟರುಗಳಿಂದಲೇ ತಾನೇ ಏಳುವುದು? ನಮ್ಮ ಕೈಬರಹ ಮೇಲೆ ಹೋಗಿ ಸಂಖ್ಯೆಯಾಯಿತು, ಸಂಖ್ಯೆ ಲೋಕವನ್ನೆಲ್ಲ ಸುತ್ತಿತು, ಉಪಕೇಂದ್ರದ ಬಾಗಿಲಿಗೆ ಮಾತ್ರ ವಾಪಸು ಬರಲಿಲ್ಲ. 2013ರಿಂದ ನಾನು ನಿವೃತ್ತಳಾಗುವವರೆಗಿನ ಐದು ವರ್ಷ ‘ಒಂದು – 79’ ಎಂಬ ನೀಲಿ ಶಾಯಿಯನ್ನೇ ನಂಬಿ ಎಷ್ಟು ಮನೆಗಳಲ್ಲಿ ಅದೇ ಸಮಾಧಾನ ಹೇಳಿದೆನೋ.

ಇದು ಸಂಶೋಧಕರ ತಪ್ಪು ಎಂದು ನಾನು ಬರೆಯುತ್ತಿಲ್ಲ. ಅವರ ಕೆಲಸ ಅವರು ಮಾಡಿದರು. ಕಂಡುಕೊಂಡದ್ದನ್ನು ಕೆಳಗೆ ಇಳಿಸುವ ಕೆಲಸ ಯಾರದು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಯಾರ ಹೆಸರಿಗೂ ಬರೆಯದ ಕೆಲಸ ಸರ್ಕಾರಿ ಕಚೇರಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಮೂವತ್ತೆರಡು ವರ್ಷ ನೋಡಿದ್ದೇನೆ.

ರಕ್ತದ ಕಥೆಯೂ ಬೇರೆಯಲ್ಲ. ಜ್ವರ ಬಂದವರ ರಕ್ತ ತೆಗೆದು ಕಳುಹಿಸುತ್ತಿದ್ದೆವು. ಈಗ ಪಿಸಿಆರ್ ಯಂತ್ರಗಳು ಬಂದು ಉತ್ತರ ಬೇಗ ಸಿಗುತ್ತದೆ. ಆಗ ರೋಗಿ ಗುಣವಾಗಿ ಗದ್ದೆಗೆ ಇಳಿದ ಮೇಲೋ, ತಿಥಿ ಮುಗಿದ ಮೇಲೋ ಬರುತ್ತಿತ್ತು, ಕೆಲವು ಸಲ ಬರುತ್ತಲೇ ಇರಲಿಲ್ಲ. ಕಾಯಿಲೆಯಿಲ್ಲದವರಿಂದಲೂ ಒಮ್ಮೊಮ್ಮೆ ಸರ್ವೆಗೆಂದು ರಕ್ತ ತೆಗೆಯುತ್ತಿದ್ದರು. “ನನ್ನ ರಕ್ತದಲ್ಲಿ ಏನು ಬಂತು ನರ್ಸಮ್ಮ?” ಎಂದು ಕೇಳಿದರೆ ನನ್ನದು ಒಂದೇ ಉತ್ತರ, “ಪರೀಕ್ಷೆಗೆ ಹೋಗಿದೆ.” ಕೊನೆಗೆ ನಮ್ಮೂರಿನಲ್ಲಿ ಅದೊಂದು ಗಾದೆಯಾಯಿತು. ನೆರೆಮನೆಯವರು ಇಸಿದುಕೊಂಡು ಹೋದ ಕತ್ತಿ ಮರಳಿ ಬಾರದಿದ್ದರೆ, ‘ನಮ್ಮ ಕತ್ತಿ ಪರೀಕ್ಷೆಗೆ ಹೋಗಿದೆ’ ಎನ್ನುತ್ತಾರೆ. ನನ್ನೆದುರಿಗೇ ಎನ್ನುತ್ತಾರೆ.

ಹಳೆಯ ಲಸಿಕೆ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಏಕೆ ನಿಲ್ಲಿಸಿದರು ಎಂದು ಊರಿನಲ್ಲಿ ಕೇಳಿ ನೋಡಿ. ದುಡ್ಡು ಸಾಲಲಿಲ್ಲವಂತೆ ಎನ್ನುವವರಿದ್ದಾರೆ. ಕೊರೊನಾ ಲಸಿಕೆ ಹಾಕಿಸಿಕೊಂಡವರಿಗೆ ಇದು ಬೇಡವಂತೆ ಎನ್ನುವವರಿದ್ದಾರೆ. ಕಾಯಿಲೆಯೇ ಹೋಯಿತಂತೆ ಎನ್ನುವವರೂ ಇದ್ದಾರೆ, ಇದು ಎಲ್ಲಕ್ಕಿಂತ ಅಪಾಯದ್ದು. ಈಗ ಕೈಯಲ್ಲಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಮತ್ತು ಎಚ್ಚರಿಕೆ, ಎರಡೇ.

ಅಡಿಕೆಯ ಲೆಕ್ಕಕ್ಕೆ ಬರುತ್ತೇನೆ. ಹೊಸ ಲಸಿಕೆಯ ಸುದ್ದಿ ಬಂದ ವಾರ ನಮ್ಮ ಕೇರಿಯ ಸ್ತ್ರೀಶಕ್ತಿ ಸಂಘದ ಹೆಂಗಸರು ಉಳಿತಾಯದ ಹಣ ಕಟ್ಟಲು ನಮ್ಮ ಜಗುಲಿಯಲ್ಲೇ ಸೇರಿದ್ದರು. ಈ ಶೇಕಡಾ ಲೆಕ್ಕವೆಲ್ಲ ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂದು ನನ್ನ ಸೇವಾವಧಿಯುದ್ದಕ್ಕೂ ದೊಡ್ಡವರ ಬಾಯಲ್ಲಿ ಕೇಳಿದ್ದೆ. ನೋಡೋಣ ಎನ್ನಿಸಿತು. ಮೊರದಲ್ಲಿ ನೂರು ಅಡಿಕೆ ಎಣಿಸಿ ಹಾಕಿದೆ. “ಲಸಿಕೆ ಇಲ್ಲದಿದ್ದರೆ ಮಂಗನ ಕಾಯಿಲೆಗೆ ಬೀಳುತ್ತಿದ್ದ ನೂರು ಜನ ಇವರು ಎಂದುಕೊಳ್ಳಿ” ಎಂದೆ. “ಒಂದು ಡೋಸ್ ಕೊಟ್ಟರೆ ಇಷ್ಟು ಜನ ಬಚಾವು ಎಂದು ನನಗೆ ಕಲಿಸಿದ್ದರು” ಎನ್ನುತ್ತಾ 79 ಅಡಿಕೆ ತೆಗೆದು ಮಡಿಲಿಗೆ ಹಾಕಿಕೊಂಡೆ. ಮೊರದಲ್ಲಿ 21 ಉಳಿಯಿತು. ಎಲ್ಲರೂ ತಲೆಯಾಡಿಸಿದರು. “ಆಮೇಲೆ ಮತ್ತೆ ಲೆಕ್ಕ ಹಾಕಿದಾಗ ಕಂಡದ್ದು ಇದು” ಎಂದು ಮಡಿಲಿನಲ್ಲಿದ್ದ ಅಷ್ಟನ್ನೂ ವಾಪಸು ಮೊರಕ್ಕೆ ಸುರಿದೆ. ಎರಡು ಡೋಸಿಗೆ 62 ತೆಗೆದೆ, 38 ಉಳಿಯಿತು. ಬೂಸ್ಟರಿಗೆ ಇನ್ನೂ 21 ತೆಗೆದೆ, 17 ಉಳಿಯಿತು.

ಅಡಿಕೆ ಸುಲಿಯುವ ಆ ಹೆಂಗಸೂ ಅಲ್ಲಿದ್ದಳು. ಈಗ ಮೊಮ್ಮಕ್ಕಳನ್ನು ಕಂಡವಳು. ಮೊರವನ್ನೇ ನೋಡುತ್ತಿದ್ದಳು. “ಅಂದರೆ ನನ್ನ ತೋಳು ಆವತ್ತು ಸುಮ್ಮನೆ ನೋಯಿತು” ಎಂದಳು. ನಾನು ಹೌದೆಂದೆ. “ಎರಡನೆಯದೂ ಹಾಕಿಸಿಕೊಂಡಿದ್ದರೆ?” ಎಂದು ಕೇಳಿದಳು. ಮೊರ ತೋರಿಸಿದೆ. ಆಕೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಮೂವತ್ತೆಂಟರಲ್ಲಿ ಇರುತ್ತಿದ್ದೆನೋ ಅರವತ್ತೆರಡರಲ್ಲಿ ಇರುತ್ತಿದ್ದೆನೋ ಯಾರಿಗೆ ಗೊತ್ತು. ಹಾಗೆಂದು ಆವತ್ತೇ ಹೇಳಿದ್ದರೆ ಎರಡು ದಿನದ ಕೂಲಿ ಬಿಡುತ್ತಿದ್ದೆ ನರ್ಸಮ್ಮ” ಎಂದಳು.

ಸಂಪಾದಕರೇ, ಆಕೆ ಓದಿದ್ದು ಮೂರನೆಯ ತರಗತಿ.

ನನ್ನ ಬೇಡಿಕೆ ಇಷ್ಟೇ. ಮೊದಲ ಹಂತದ ಪ್ರಯೋಗ ಆರೋಗ್ಯವಂತರಾದ ಕೆಲವೇ ಜನರ ಮೇಲೆ ನಡೆಯುತ್ತದೆ, ಲಸಿಕೆಯಿಂದ ಅಪಾಯವಿಲ್ಲವೇ ಎಂದು ನೋಡಲು. ಅದು ದಾಟಿದರೆ ಮುಂದೆ ಒಂದಲ್ಲ ಒಂದು ದಿನ ಕಾಯಿಲೆ ಇರುವ ಹಳ್ಳಿಗಳಿಗೇ ಬರಬೇಕು, ಏಕೆಂದರೆ ಉಣುಗು ಇಲ್ಲದ ಊರಿನಲ್ಲಿ ಲಸಿಕೆ ಕಾಪಾಡಿತೋ ಇಲ್ಲವೋ ತಿಳಿಯುವುದು ಹೇಗೆ? ಮಂಗನ ಕಾಯಿಲೆ ಒಂದು ವರ್ಷ ನೂರಾರು ಜನರಿಗೆ ಬಂದರೆ ಮತ್ತೊಂದು ವರ್ಷ ಬೆರಳೆಣಿಕೆಯಷ್ಟು. ಹಾಗಾಗಿ ಬಹಳ ಜನರ ತೋಳು ಬೇಕಾಗುತ್ತದೆ, ಬಹಳ ವರ್ಷ ಬೇಕಾಗುತ್ತದೆ. ಜನ ತೋಳು ಕೊಡುತ್ತಾರೆ, ಅದರಲ್ಲಿ ನನಗೆ ಸಂದೇಹವಿಲ್ಲ. ಒಪ್ಪಿಗೆ ಪತ್ರವನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು ಎಂಬ ನಿಯಮ ಈಗಾಗಲೇ ಇದೆ. ಪ್ರಯೋಗಗಳನ್ನು ಮೊದಲೇ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸಬೇಕು ಎಂಬ ನಿಯಮ 2009ರಿಂದ ಇದೆ. ಅಂದರೆ ಒಳಗೆ ಬರುವಾಗ ಕನ್ನಡ ಮಾತನಾಡಲು ಸಂಶೋಧನೆಗೆ ಬರುತ್ತದೆ. ಹೊರಗೆ ಹೋಗುವಾಗಲೂ ಮಾತನಾಡಿ ಹೋಗಲಿ.

ಪ್ರಯೋಗ ನಡೆದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಫಲಿತಾಂಶ ಪ್ರಕಟವಾದ ಇಂತಿಷ್ಟು ದಿನದೊಳಗೆ ಒಂದು ಸಭೆ. ಒಂದು ಹಾಳೆ ಕನ್ನಡದಲ್ಲಿ: ಎಷ್ಟು ಜನರಿಗೆ ಕೊಟ್ಟೆವು, ಎಷ್ಟು ಜನರಿಗೆ ಕಾಯಿಲೆ ಬಂತು, ಯಾರಿಗೆ ಏನು ತೊಂದರೆಯಾಯಿತು, ಒಂದೇ ಡೋಸ್ ಪಡೆದವರ ಗತಿ ಏನು, ಬೂಸ್ಟರ್ ಎಷ್ಟು ವರ್ಷಕ್ಕೆ. ಲಸಿಕೆ ಸೋತರೂ ಆ ಹಾಳೆ ಬರಬೇಕು, ಸೋತರಂತೂ ಬರಲೇಬೇಕು. ಅದರ ಪ್ರತಿ ಉಪಕೇಂದ್ರದ ಗೋಡೆಗೆ, ಆಶಾ ಕಾರ್ಯಕರ್ತೆಯರ ಕೈಗೆ. ಐದು ವರ್ಷದ ಮೇಲೆ ಲೆಕ್ಕ ಬದಲಾದರೆ ಹಳೆಯ ಹಾಳೆ ಕಿತ್ತು ಹೊಸದು ಅಂಟಿಸುವವರು ಯಾರು ಎಂಬುದನ್ನು ಹುದ್ದೆಯ ಹೆಸರು ಹಾಕಿ ಈಗಲೇ ಬರೆದಿಡಬೇಕು. ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಗಳು ಇದನ್ನು ಷರತ್ತಾಗಿ ಹಾಕಬಹುದು. ಕೋಟಿಗಟ್ಟಲೆ ಖರ್ಚಿನ ಕೆಲಸದಲ್ಲಿ ಹಾಳೆಯ ಖರ್ಚು ಎಷ್ಟು?

ತಮ್ಮನ ಮಗ ಇದನ್ನೆಲ್ಲ ಕೇಳಿ, “ಅತ್ತೆ, ವಿಜ್ಞಾನದಲ್ಲಿ ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ, ಪ್ರತಿ ಸಲವೂ ಹೇಳುತ್ತಾ ಹೋದರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆ” ಎಂದ. ಓದಿದ ಹುಡುಗ, ಇಂಜಿನಿಯರು. ಅಡಿಕೆ ಧಾರಣೆ ದಿನಕ್ಕೆರಡು ಸಲ ಬದಲಾಗುತ್ತದೆ, ಯಾರೂ ಅಡಿಕೆಯ ಮೇಲೆ ನಂಬಿಕೆ ಕಳೆದುಕೊಂಡಿಲ್ಲವಲ್ಲ ಎಂದೆ. ಅವನು ನಕ್ಕುಬಿಟ್ಟ.

ಹೊಸ ಲಸಿಕೆಯ ಪ್ರಯೋಗ ಹೊಸನಗರದ ಕಡೆ ಬಂದರೆ ನನ್ನ ತೋಳು ಬಹುಶಃ ಬೇಡವೆನ್ನುತ್ತಾರೆ, ಅರವತ್ತೈದು ದಾಟಿದೆ. ರಿಜಿಸ್ಟರ್ ಬರೆಯಲು ಜನ ಬೇಕಾದರೆ ಹೇಳಿ ಕಳುಹಿಸಲಿ. ಕಣ್ಣು ಚೆನ್ನಾಗಿದೆ, ಅಕ್ಷರ ಗುಂಡಗಿದೆ, ಯಾವ ಮನೆಯ ಹಿತ್ತಿಲ ಬಾಗಿಲು ಎಲ್ಲಿದೆ ಎಂಬುದೂ ಗೊತ್ತಿದೆ. ಸಂಬಳ ಬೇಡ. ಷರಾ ಕಾಲಂ ಮಾತ್ರ ಒಂದು ಗೇಣು ಅಗಲ ಇರಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ